ಡಿಕ್ರಿ ಬಂತು, ಬೀಗ ತೆಗೆಯಲಿಲ್ಲ: ಕೋರ್ಟ್ ಅಮೀನರ ಸೇವೆಗೆ ಮೂರು ಸ್ಟಾರ್

ಬಾಡಿಗೆದಾರನ ಮೇಲಿನ ಕೇಸ್ ಗೆದ್ದು ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಸಿಕ್ಕರೆ ನನ್ನ ಮಳಿಗೆ ಕೈಗೆ ಬರುತ್ತೆ ಅಂದುಕೊಂಡಿದ್ದೆ. ಎಲ್ಲಿ ಬಂತು! ತೀರ್ಪು ಜಾರಿಯಾಗೋಕೆ ಅಮಲ್ಜಾರಿ ಅರ್ಜಿ ಅಂತ ಇನ್ನೊಂದು ಅರ್ಜಿ ಹಾಕಬೇಕು. ಅದು ಆರು ತಿಂಗಳಲ್ಲಿ ಮುಗಿಯಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ನಮ್ಮದು ಹದಿನಾಲ್ಕು ತಿಂಗಳು ಎಳೆಯಿತು. ಮಳಿಗೆ ಬಿಡಿಸೋ ವಾರೆಂಟ್ ಹಿಡಿದು ಬಂದ ಅಮೀನರು (ಕೋರ್ಟಿನ ಆದೇಶ ಜಾರಿ ಮಾಡೋ ಸಿಬ್ಬಂದಿ) ಮೊದಲ ಸಲ ಬೀಗ ನೋಡಿ ಸುಮ್ನೆ ವಾಪಸ್ ಹೋದರು. ಒಡೆಯೋಕೆ ಕೋರ್ಟಿನ ಆರ್ಡರ್ ಬೇಕಂತೆ. ಮೊದಲೇ ಹೇಳಬಹುದಿತ್ತು ಅಲ್ವಾ?

ಎರಡನೇ ಸಲ ಮಾತ್ರ ಕೆಲಸ ಅಚ್ಚುಕಟ್ಟು. ಬೀಗ ಒಡೆಸಿ, ಒಳಗಿದ್ದ ಎರಡು ತಕ್ಕಡಿ, ತುಕ್ಕು ಹಿಡಿದ ಫ್ಯಾನು, ಹಳೇ ಗಣಪತಿ ಕ್ಯಾಲೆಂಡರ್ ಕೂಡ ಬಿಡದೆ ಮಹಜರಿನಲ್ಲಿ ಬರೆದರು. ಪಂಚರು, ಅಂದರೆ ಸಾಕ್ಷಿಗಳು, ಸಹಿ ಹಾಕಿದರು. ಕಾಫಿ ಕೊಟ್ಟರೆ ಅಮೀನರು ಬೇಡ ಅಂದರು. ಹಳೇ ಬಾಡಿಗೆದಾರ ಎದುರು ಫುಟ್‌ಪಾತ್‌ನಲ್ಲಿ ನಿಂತು ನೋಡುತ್ತಿದ್ದ. ಹೊಸ ಬೀಗದ ಕೀ ನನ್ನ ಜೇಬಿಗೆ ಬಂತು.