ಹಳೇ ಹೀರೋಗಳ ಎರಡು ತಂಡ: ಯಾವುದನ್ನು ಕೊಳ್ಳುವುದು?

1940ರ ದಶಕದ ಮರೆತುಹೋದ ಹೀರೋಗಳನ್ನು ಮತ್ತೆ ಎಬ್ಬಿಸಿದ ಎರಡು ಕಾಮಿಕ್ಸ್, ಮಾರ್ವೆಲ್‌ನ 'ದ ಟ್ವೆಲ್ವ್' ಮತ್ತು ಡೈನಮೈಟ್ ಪ್ರಕಾಶನದ 'ಪ್ರಾಜೆಕ್ಟ್ ಸೂಪರ್‌ಪವರ್ಸ್', ಶುರುವಾಗಿದ್ದು 2008ರಲ್ಲಿ. ಒಂದನ್ನೇ ಕೊಳ್ಳುವುದಾದರೆ 'ದ ಟ್ವೆಲ್ವ್' ತಗೊಳ್ಳಿ.

'ಪ್ರಾಜೆಕ್ಟ್ ಸೂಪರ್‌ಪವರ್ಸ್' ನನಗೆ ತುಂಬಾ ನಿರಾಸೆ ಮಾಡಿತು. ಚಿತ್ರಕಾರ ಅಲೆಕ್ಸ್ ರಾಸ್ ಬರೆದ ಮುಖಪುಟಗಳು ಕಣ್ಣಿಗೆ ಹಬ್ಬ, ನಿಜ. ಆದರೆ ಫೈಟಿಂಗ್ ಯಾಂಕ್ ಎಂಬ ಹೀರೋ ಮಾಯಾಪಾತ್ರೆಯಲ್ಲಿ ಕೂಡಿಹಾಕಿದ್ದ ಹೀರೋಗಳು ಹೊರಬಂದದ್ದೇ ತಡ, ಪುಟದ ತುಂಬಾ ನೂಕುನುಗ್ಗಲು. ಅವರಲ್ಲೊಬ್ಬನಾದ ಬ್ಲ್ಯಾಕ್ ಟೆರರ್‌ನ ಕೋಪ ಬಿಟ್ಟರೆ ಯಾರ ಸ್ವಭಾವವೂ ಮನಸ್ಸಲ್ಲಿ ನಿಲ್ಲುವುದಿಲ್ಲ.

'ದ ಟ್ವೆಲ್ವ್'ನಲ್ಲಿ ಹನ್ನೆರಡೇ ಮಂದಿ. 1945ರಲ್ಲಿ ಬರ್ಲಿನ್‌ನಲ್ಲಿ ನಾಜಿಗಳ ಬಲೆಗೆ ಬಿದ್ದು ದೀರ್ಘ ನಿದ್ದೆಗೆ ಜಾರಿದವರು 2008ರಲ್ಲಿ ಕಣ್ಣು ಬಿಡುತ್ತಾರೆ. ಅಷ್ಟು ಬಲಶಾಲಿ ಕ್ಯಾಪ್ಟನ್ ವಂಡರ್ ಹೆಂಡತಿ ಮಕ್ಕಳಿಗಾಗಿ ಅಳುವುದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಜೊತೆಗೆ ಒಂದು ಕೊಲೆಯ ಗುಟ್ಟೂ ಇದೆ. ಸರಣಿ ನಡುವೆ ನಿಂತು 2012ರಲ್ಲಿ ಮುಗಿಯಿತು. ಹಾಗಾಗಿ ಬಿಡಿ ಸಂಚಿಕೆ ಬೇಡ, ಪೂರ್ತಿ ಸಂಪುಟವನ್ನೇ ಹುಡುಕಿ.