ಮಾಡೆಲ್ ಎ ಎಂಜಿನ್ನಿನ ನಡುಕಕ್ಕೆ ಮೂರು ಮದ್ದು: ರಬ್ಬರ್, ತೂಕದ ಹೊಂದಿಕೆ, ಪ್ರತಿಭಾರ

1928ರಿಂದ 1931ರವರೆಗಿನ ಫೋರ್ಡ್ ಮಾಡೆಲ್ ಎ ಕಾರಿನ 3.3 ಲೀಟರ್‌ಗಳ ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 2,200 ಸುತ್ತಿನಲ್ಲಿ 40 ಅಶ್ವಶಕ್ತಿ ಕೊಡುತ್ತದೆ. ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ಅದರ ಕ್ರ್ಯಾಂಕ್‌ಶಾಫ್ಟ್ (ಕ್ರ್ಯಾಂಕ್) ಮೂರೇ ಬೇರಿಂಗ್‌ಗಳ ಮೇಲೆ ತಿರುಗುತ್ತದೆ. ಅದರ ಬಾಗುಗಳನ್ನು ಎದುರುಬದಿಯಿಂದ ತೂಗಿಸುವ ಪ್ರತಿಭಾರಗಳು ಅದಕ್ಕಿಲ್ಲ. ಎಂಜಿನ್ನಿನ ಹಿಂಭಾಗ ಚಾಸಿಗೆ, ಅಂದರೆ ಕಾರಿನ ಚೌಕಟ್ಟಿಗೆ, ಬಿಗಿಯಾಗಿ ಕೂರುವುದರಿಂದ ಒಳಗಿನ ನಡುಕವೆಲ್ಲ ನೆಲಹಲಗೆಗೂ ಸ್ಟೀರಿಂಗಿಗೂ ಬರುತ್ತದೆ. ಹವ್ಯಾಸಿಗಳು ಇದಕ್ಕೆ ಸೂಚಿಸುವ ಮೂರು ಉಪಾಯಗಳನ್ನೂ ನಾನು ಒಂದೇ ಕಾರಿನಲ್ಲಿ ಪ್ರಯೋಗಿಸಿ ನೋಡಿದ್ದೇನೆ.

ಯಾವುದಕ್ಕೂ ಹಣ ಹಾಕುವ ಮೊದಲು ನಡುಕದ ಮೂಲವನ್ನು ಗುರುತಿಸಬೇಕು. ಕಾರನ್ನು ನಿಲ್ಲಿಸಿ ಎಂಜಿನ್ನನ್ನಷ್ಟೇ ಓಡಿಸಿದಾಗ ನಡುಕ ಕಾಣದೆ, ರಸ್ತೆಯಲ್ಲಿ ನ್ಯೂಟ್ರಲ್‌ನಲ್ಲಿ ಉರುಳುವಾಗಲೂ ಅದು ಮುಂದುವರಿದರೆ, ದೋಷ ಚಕ್ರಗಳಲ್ಲಿ ಅಥವಾ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟಿನಲ್ಲಿದೆ. ನಿಧಾನಗತಿಯಲ್ಲಿ ಎಂಜಿನ್ ಕುಂಟುತ್ತಿದ್ದರೆ, ಮರದ ಹಿಡಿಯ ಸ್ಕ್ರೂಡ್ರೈವರಿನಿಂದ ಒಂದೊಂದೇ ಸ್ಪಾರ್ಕ್ ಪ್ಲಗ್ಗಿನ ತುದಿಯನ್ನು ಸಿಲಿಂಡರ್ ಹೆಡ್ಡಿಗೆ ತಾಗಿಸಬೇಕು. ಯಾವುದನ್ನು ತಾಗಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಈ ಕಾರಿನಲ್ಲಿ ಪ್ಲಗ್ಗಿನ ಸಂಪರ್ಕಗಳು ಬರಿಯ ಹಿತ್ತಾಳೆ ಪಟ್ಟಿಗಳಾದ್ದರಿಂದ ಈ ಪರೀಕ್ಷೆ ಕ್ಷಣಾರ್ಧದ ಕೆಲಸ. ಅಂಥ ಕುಂಟುವಿಕೆಗೆ ಕೆಳಗಿನ ಯಾವ ಮದ್ದೂ ನಾಟದು.

ಎಂಜಿನ್ನಿನ ಹಿಂಬದಿಯ ಆಧಾರಗಳಿಗೆ ರಬ್ಬರ್ ಕೂರಿಸುವುದು ಎಲ್ಲಕ್ಕಿಂತ ಅಗ್ಗ, ಎಂಜಿನ್ ಬಿಚ್ಚಬೇಕಾಗಿಲ್ಲ. ಗಂಟೆಗೆ 40 ಮೈಲಿಯ ಆಸುಪಾಸಿನಲ್ಲಿ ಪಾದಕ್ಕೆ ತಾಗುತ್ತಿದ್ದ ಜುಮುಗುಡುವಿಕೆ ತಕ್ಷಣ ತಗ್ಗಿತು. ಆದರೆ ಈ ಕಾರಿನಲ್ಲಿ ಹಿಂದಿನ ಆಕ್ಸಲ್ಲಿನ ತಳ್ಳುಬಲ ಡ್ರೈವ್‌ಶಾಫ್ಟನ್ನು ಸುತ್ತುವರಿದ ಟಾರ್ಕ್ ಟ್ಯೂಬ್ ಎಂಬ ಕೊಳವೆಯ ಮೂಲಕ ಗೇರ್‌ಬಾಕ್ಸಿಗೂ ಅಲ್ಲಿಂದ ಇದೇ ಆಧಾರಗಳಿಗೂ ಬರುವುದರಿಂದ, ರಬ್ಬರ್ ಮೆತ್ತಗಿದ್ದಷ್ಟೂ ಕ್ಲಚ್ ಬಿಡುವಾಗ ಕಾರು ಜಗ್ಗುತ್ತದೆ. 1931ರ ಪ್ಲಿಮತ್ ಕಾರಿನಲ್ಲಿ ರಬ್ಬರ್ ಅಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಕಾರಣ, ಅಲ್ಲಿ ಎಂಜಿನ್ನಿನ ಗುರುತ್ವಕೇಂದ್ರವನ್ನು ಲೆಕ್ಕಹಾಕಿಯೇ ಆಧಾರಗಳ ಜಾಗವನ್ನು ಗೊತ್ತುಮಾಡಿದ್ದರು. ಹಳೆಯ ಚೌಕಟ್ಟಿಗೆ ತೇಪೆ ಹಾಕಿ ಆ ಫಲ ನಿರೀಕ್ಷಿಸಲಾಗದು.

ನನಗೆ ಹೆಚ್ಚು ಹಿಡಿಸಿದ್ದು ಎರಡನೆಯ ಉಪಾಯ. ಹಿಂದಿನ ಯಾವುದೋ ರಿಪೇರಿಯಲ್ಲಿ ಬೇರೆ ಬೇರೆ ತೂಕದ ಪಿಸ್ಟನ್ನುಗಳು ಸೇರಿಕೊಂಡಿದ್ದವು. ಅವುಗಳನ್ನು ಸಮತೂಕಕ್ಕೆ ತಂದು, ಪಿಸ್ಟನ್ನುಗಳನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡುಗಳ ಎರಡೂ ತುದಿಗಳನ್ನು ಪ್ರತ್ಯೇಕವಾಗಿ ತೂಗಿ ಹೊಂದಿಸಿ, ಕ್ರ್ಯಾಂಕ್, ಅದರ ತುದಿಯ ಭಾರಚಕ್ರವಾದ ಫ್ಲೈವೀಲ್ ಮತ್ತು ಕ್ಲಚ್ಚಿನ ಪ್ರೆಷರ್ ಪ್ಲೇಟನ್ನು ಒಟ್ಟಿಗೆ ಯಂತ್ರದ ಮೇಲೆ ಬ್ಯಾಲೆನ್ಸ್ ಮಾಡಿಸಿದ ಮೇಲೆ, ಸುತ್ತಿಗೊಮ್ಮೆ ಬರುತ್ತಿದ್ದ ಹೊಡೆತ ಹೆಚ್ಚುಕಡಿಮೆ ಇಲ್ಲವಾಯಿತು. ಉಳಿದದ್ದು ಸುತ್ತಿಗೆರಡು ಸಲದ ಸಣ್ಣ ನಡುಕ. ರಾಡುಗಳ ಓರೆಯಿಂದಾಗಿ ಪಿಸ್ಟನ್ ಮೇಲರ್ಧದಲ್ಲಿ ಕೆಳಗಿನರ್ಧಕ್ಕಿಂತ ಚುರುಕಾಗಿ ಚಲಿಸುತ್ತದೆ. ನಾಲ್ಕರಲ್ಲೂ ಈ ವ್ಯತ್ಯಾಸ ಒಂದಕ್ಕೊಂದು ಸೇರಿಕೊಳ್ಳುತ್ತದೆಯೇ ಹೊರತು ಕಳೆದುಹೋಗುವುದಿಲ್ಲ. ಎಷ್ಟೇ ನಾಜೂಕಾಗಿ ತೂಗಿದರೂ ಇದು ನೀಗದು. ಇದನ್ನು ಅಡಗಿಸಲು ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಮೊದಲ ಮಹಾಯುದ್ಧಕ್ಕೂ ಮುಂಚೆಯೇ, ಎಂಜಿನ್ನಿನ ಇಮ್ಮಡಿ ವೇಗದಲ್ಲಿ ವಿರುದ್ಧ ದಿಕ್ಕುಗಳಿಗೆ ತಿರುಗುವ ಜೋಡಿ ತೂಕಗಳನ್ನು ರೂಪಿಸಿದ್ದರು.

ಪ್ರತಿಭಾರವಿರುವ ಕ್ರ್ಯಾಂಕ್ ದುಬಾರಿ. ಅದರ ಗುಣವನ್ನು ಹಲವರು ತಪ್ಪಾಗಿ ಬಣ್ಣಿಸುತ್ತಾರೆ. ನಾಲ್ಕು ಸಿಲಿಂಡರಿನ ಕ್ರ್ಯಾಂಕ್ ಒಟ್ಟಾರೆಯಾಗಿ ಮೊದಲೇ ಸಮತೋಲದಲ್ಲಿರುತ್ತದೆ. ಪ್ರತಿಭಾರಗಳು ತಡೆಯುವುದು ಅದು ನಡುವೆ ಬಾಗುವುದನ್ನು ಮತ್ತು ಮಧ್ಯದ ಬೇರಿಂಗಿನ ಮೇಲಿನ ಹೊರೆಯನ್ನು. ಆ ಲಾಭ ನನಗೆ ಸ್ಪಷ್ಟವಾಗಿ ತಿಳಿದದ್ದು ಗಂಟೆಗೆ 50 ಮೈಲಿಗೂ ಹೆಚ್ಚಿನ ವೇಗದಲ್ಲಿ. ಊರೊಳಗೆ ಓಡಾಡುವ ಕಾರಿಗೆ ಇದನ್ನು ನಾನು ಶಿಫಾರಸು ಮಾಡಲಾರೆ. ಬೇರಿಂಗುಗಳ ಒಳಪದರವಾದ ಬ್ಯಾಬಿಟ್ ಎಂಬ ಮಿಶ್ರಲೋಹ ಸವೆದು ಎಂಜಿನ್ ಹೇಗೂ ಬಿಚ್ಚಬೇಕಾಗಿ ಬಂದು, ಹೆದ್ದಾರಿಯ ಪ್ರಯಾಣವೂ ಇರುವುದಾದರೆ ಹಾಕಿಸಬಹುದು.