ಟ್ಯಾಂಕ್ ನೀರಿನ ಅಂಕಿ ಎಲ್ಲಿ ಕಳೆದುಹೋಯಿತು? ನೋಡ್-ರೆಡ್, ಹೋಮ್ ಅಸಿಸ್ಟೆಂಟ್ ಎರಡನ್ನೂ ಬಳಸಿದ ಮೇಲೆ

ನೋಡ್-ರೆಡ್, ಹೋಮ್ ಅಸಿಸ್ಟೆಂಟ್ ಎರಡೂ 'ಹೀಗಾದರೆ ಹಾಗೆ ಮಾಡು' ಅಂತ ರೂಲ್ ಬರೆದು ಮನೆಯ ಉಪಕರಣಗಳನ್ನು ತಾವಾಗೇ ನಡೆಸಲು ಬಳಸುವ ಸಾಫ್ಟ್‌ವೇರ್‌ಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೋಮ್ ಅಸಿಸ್ಟೆಂಟ್‌ಗೆ. ಎರಡನ್ನೂ ಮೈಸೂರಿನ ನಮ್ಮ ಮನೆಯ ನೀರಿನ ಮೋಟಾರಿಗೆ ಹಾಕಿ ನೋಡಿದ್ದೇನೆ.

ಓವರ್‌ಹೆಡ್ ಟ್ಯಾಂಕಿನ ಸೆನ್ಸರ್ ನೀರಿನ ಮಟ್ಟವನ್ನು ಪರ್ಸೆಂಟ್‌ನಲ್ಲಿ ಕಳಿಸುತ್ತದೆ. 20ಕ್ಕಿಂತ ಕೆಳಗಿಳಿದರೆ ಮೋಟಾರ್ ಆನ್ ಆಗಬೇಕು, ಅಮ್ಮನ ಫೋನಿಗೆ ಮೆಸೇಜ್ ಹೋಗಬೇಕು. 10 ನಿಮಿಷ ಬಿಟ್ಟು ನೋಡಿದಾಗ ಮಟ್ಟ ಏರಿರದಿದ್ದರೆ ಸಂಪ್ ಖಾಲಿ ಅಂತ ಲೆಕ್ಕ, ಮೋಟಾರ್ ನಿಲ್ಲಬೇಕು. ಅಂದರೆ ರೂಲ್ ಶುರುವಾದಾಗ ಬಂದ ಅಂಕಿ ಕೊನೆಯ ಆಕ್ಷನ್‌ವರೆಗೂ ಉಳಿದಿರಬೇಕು.

ನೋಡ್-ರೆಡ್‌ನಲ್ಲಿ ಪ್ರತಿ ಕೆಲಸಕ್ಕೂ ನೋಡ್ ಎಂಬ ಒಂದೊಂದು ಡಬ್ಬಿ, ಅವನ್ನು ಪರದೆಯ ಮೇಲೆ ವೈರ್ ಎಳೆದು ಜೋಡಿಸಬೇಕು. ಒಂದು ನೋಡ್‌ನಿಂದ ಇನ್ನೊಂದಕ್ಕೆ ಮೆಸೇಜ್ ಎಂಬ ಡೇಟಾ ಪೊಟ್ಟಣ ಸಾಗುತ್ತದೆ, ಅಂಕಿ ಅದರ ಪೇಲೋಡ್ ಎಂಬ ಭಾಗದಲ್ಲಿ ಇರುತ್ತದೆ. ಮೋಟಾರಿನ ಸ್ವಿಚ್ ಆಗಿರುವ ರಿಲೇಯನ್ನು ಆನ್ ಮಾಡಲು ನಾನು ನಡುವೆ ಎಚ್‌ಟಿಟಿಪಿ ರಿಕ್ವೆಸ್ಟ್ ನೋಡ್ (ನೆಟ್‌ವರ್ಕ್ ಮೂಲಕ ಆದೇಶ ಕಳಿಸುವ ನೋಡ್) ಹಾಕಿದ್ದೆ. ಆ ನೋಡ್ ತನಗೆ ಬಂದ ಉತ್ತರವನ್ನು ಅದೇ ಪೇಲೋಡ್‌ಗೆ ಬರೆಯುತ್ತದೆ. ಒಂದು ದಿನ ಸೆನ್ಸರ್ ಕಳಿಸಿದ 14 ಹೀಗೇ ಅಳಿಸಿಹೋಯಿತು, ರಿಲೇ ಕೊಟ್ಟ ಉತ್ತರ ಆ ಜಾಗದಲ್ಲಿ ಬಂದು ಕೂತಿತು. ಅಮ್ಮ ಫೋನ್ ಮಾಡಿದರು: "ಏನೋ ಇದು, ಟ್ಯಾಂಕಲ್ಲಿ ಪವರ್ ಆನ್ ಪರ್ಸೆಂಟ್ ನೀರಿದೆ ಅಂತ ಬಂದಿದೆ?"

ಅಮ್ಮನಿಗೆ ಹೋದ ಮೆಸೇಜ್ ತಪ್ಪಾಗಿದ್ದು ದೊಡ್ಡದಲ್ಲ. 10 ನಿಮಿಷದ ಮೇಲೆ ಹೊಸ ಅಂಕಿಯನ್ನು ಹಳೆಯದರ ಜೊತೆ ಹೋಲಿಸಬೇಕಿತ್ತಲ್ಲ, ಅಲ್ಲಿ ಹಳೆಯ ಅಂಕಿಯೇ ಇರಲಿಲ್ಲ. ಅಂಕಿಯನ್ನು ಇಂಥ ಅಕ್ಷರಗಳ ಜೊತೆ ಹೋಲಿಸಿದರೆ, ನೋಡ್-ರೆಡ್ ಬಳಸುವ ಜಾವಾಸ್ಕ್ರಿಪ್ಟ್ ಭಾಷೆ ಎರರ್ ಕೊಡುವುದಿಲ್ಲ, ಸುಮ್ನೆ 'ಇಲ್ಲ' ಅನ್ನುತ್ತದೆ. ಹಾಗಾಗಿ ನಿಲ್ಲಿಸುವ ದಾರಿಗೆ ಮೆಸೇಜ್ ಹೋಗಲೇ ಇಲ್ಲ. ಸಂಪ್ ಖಾಲಿಯಿದ್ದ ದಿನ ಮೋಟಾರ್ ಒಣಗಿಯೇ ಓಡಿತು. ಅಪ್ಪ ಸದ್ದು ಕೇಳಿ ಸ್ವಿಚ್ ಆರಿಸಿದ್ದರಿಂದ ವೈಂಡಿಂಗ್ ಉಳಿಯಿತು.

ತಪ್ಪು ನಾನು ಜೋಡಿಸಿದ ರೀತಿಯದ್ದು. ಚೇಂಜ್ ನೋಡ್ ಹಾಕಿ ಅಂಕಿಯನ್ನು ಪೇಲೋಡ್‌ನಿಂದ ಬೇರೆ ಹೆಸರಿಗೆ ಮೊದಲೇ ಎತ್ತಿಟ್ಟರೆ ಸರಿಹೋಗುತ್ತದೆ. ನಾವೇ ಕೋಡ್ ಬರೆಯುವ ಫಂಕ್ಷನ್ ನೋಡ್‌ನಲ್ಲೂ ಹೊಸ ಮೆಸೇಜ್ ಕಟ್ಟಬಾರದು, ಬಂದದ್ದನ್ನೇ ಮುಂದೆ ಕಳಿಸಬೇಕು. ಇಲ್ಲದಿದ್ದರೆ ಎತ್ತಿಟ್ಟದ್ದೂ ಹೋಗುತ್ತದೆ. ಆದರೆ ಪ್ರತಿ ಹೊಸ ನೋಡ್ ಸೇರಿಸುವಾಗಲೂ ಇದನ್ನು ನೆನಪಿಡಬೇಕು, ಅಲ್ವಾ?

ಹೋಮ್ ಅಸಿಸ್ಟೆಂಟ್‌ನಲ್ಲಿ ಈ ಚಿಂತೆ ಇಲ್ಲ. ರೂಲ್ ಶುರುವಾದ ಕ್ಷಣದ ಅಂಕಿ ಟ್ರಿಗರ್ ಎಂಬ ವೇರಿಯಬಲ್‌ನಲ್ಲಿ ರೂಲ್ ಮುಗಿಯುವವರೆಗೂ ಹಾಗೇ ಇರುತ್ತದೆ. ನಡುವೆ ಎಷ್ಟು ಆಕ್ಷನ್ ಬಂದರೂ, 10 ನಿಮಿಷ ಡಿಲೇ ಇದ್ದರೂ 14 ಅಂದರೆ 14. ಈಗಿನ ಮಟ್ಟ ಬೇಕಾದರೆ ಸ್ಟೇಟ್ಸ್ ಫಂಕ್ಷನ್ ಕೇಳಿದರೆ ಆಯಿತು. ಈಗ ಅಮ್ಮನಿಗೆ "14 ಇತ್ತು, 31 ಆಗಿದೆ" ಅಂತಲೇ ಮೆಸೇಜ್ ಹೋಗುತ್ತದೆ.

ಒಂದು ಮಾತು: ಇಲ್ಲಿ ಸ್ಟೇಟ್, ಅಂದರೆ ಸೆನ್ಸರ್ ಕೊಡುವ ಮಟ್ಟ, ಯಾವಾಗಲೂ ಅಕ್ಷರದ ರೂಪದಲ್ಲೇ ಬರುತ್ತದೆ, ಹೋಲಿಸುವ ಮುಂಚೆ ಅದನ್ನು ಸಂಖ್ಯೆಯಾಗಿಸುವ ಫ್ಲೋಟ್ ಫಿಲ್ಟರ್ ಹಾಕಿ. ರೂಲಿನ ಆಕ್ಷನ್‌ಗಳನ್ನು ಕೈಯಾರೆ ಓಡಿಸುವ 'ರನ್ ಆಕ್ಷನ್ಸ್' ಒತ್ತಿ ಪರೀಕ್ಷೆ ಮಾಡಿದರೆ ಟ್ರಿಗರ್‌ನಲ್ಲಿ ಸೆನ್ಸರ್ ಅಂಕಿ ಇರುವುದಿಲ್ಲ, ಟೆಂಪ್ಲೇಟ್ ಎರರ್ ಬರುತ್ತದೆ. ಅದರ ಬದಲು ಹೋಮ್ ಅಸಿಸ್ಟೆಂಟ್‌ನ ಡೆವಲಪರ್ ಟೂಲ್ಸ್‌ನಲ್ಲಿ ಸೆನ್ಸರಿಗೆ ನೀವೇ 25, ಆಮೇಲೆ 14 ಕೊಟ್ಟು ನೋಡಿ.

ನೋಡ್-ರೆಡ್ ಗೆಲ್ಲುವ ಜಾಗವೂ ಇದೆ: ಎದುರಿಗೇ ಡೇಟಾ ಓಡುವುದನ್ನು ನೋಡಲು ನೋಡ್-ರೆಡ್‌ನ ಡೀಬಗ್ ನೋಡ್‌ನಷ್ಟು ಸಲೀಸಾದದ್ದು ನನಗೆ ಸಿಕ್ಕಿಲ್ಲ.

ದುಡ್ಡಿನ ಲೆಕ್ಕದಲ್ಲಿ ಎರಡೂ ಉಚಿತ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕು. ನಾನು ವಾರಕ್ಕೊಮ್ಮೆ, ಅದೂ ಫೋನಿನಲ್ಲಿ, ನಾಲ್ಕು ಸಾಲು ತಿದ್ದುವವನು. ಫೋನಿನ ಪರದೆಯಲ್ಲಿ ವೈರ್ ಎಳೆಯುವುದು ನನ್ನಿಂದಾಗದು. ಮೋಟಾರಿನ ರೂಲ್ ಹೋಮ್ ಅಸಿಸ್ಟೆಂಟ್‌ನಲ್ಲಿದೆ, ಗೇಟಿನ ಲೈಟ್ ಮಾತ್ರ ಇನ್ನೂ ನೋಡ್-ರೆಡ್‌ನಲ್ಲೇ ಉಳಿದಿದೆ.